ಪ್ರತಿಕ್ರಿಯೆ: ಹಾಸ್ಟೆಲಿನಲ್ಲಿದ್ದುಕೊಂಡು ಆರು ವಾರ ಗ್ಲುಟನ್ ಬಿಡುವುದು

ಹಾಸ್ಟೆಲಿನ ಮೆಸ್ ಊಟದಲ್ಲಿಯೇ ಆರು ವಾರ ಗ್ಲುಟನ್ (ಗೋಧಿ, ಬಾರ್ಲಿಯಂತಹ ಧಾನ್ಯಗಳಲ್ಲಿರುವ ಪ್ರೋಟೀನ್) ಬಿಟ್ಟು ನೋಡಬಹುದೇ ಎಂದು ತಾವು ಕೇಳಿದ್ದೀರಿ. ನೋಡಬಹುದು, ಆದರೆ ಸೀಲಿಯಾಕ್ ಕಾಯಿಲೆಯ (ಗ್ಲುಟನ್ ತಿಂದರೆ ಸಣ್ಣ ಕರುಳಿಗೆ ಹಾನಿಯಾಗುವ ಕಾಯಿಲೆ) ರಕ್ತಪರೀಕ್ಷೆ ಇನ್ನೂ ಆಗಿಲ್ಲವಾದರೆ ದಯವಿಟ್ಟು ವೈದ್ಯರನ್ನು ಕಂಡು ಮೊದಲು ಅದನ್ನು ಮಾಡಿಸಿಕೊಳ್ಳಿ, ಏಕೆಂದರೆ ಗೋಧಿ ನಿಲ್ಲಿಸಿದ ಮೇಲೆ ಈ ಪರೀಕ್ಷೆ ಹುಡುಕುವ ರಕ್ತದಲ್ಲಿನ ಪ್ರತಿಕಾಯಗಳು ಕ್ರಮೇಣ ಇಳಿದು, ಕಾಯಿಲೆಯಿದ್ದರೂ ಇಲ್ಲವೆಂಬ ಫಲಿತಾಂಶ ಬರಬಹುದು.

ಅನ್ನ, ರಾಗಿ ಮುದ್ದೆ, ಜೋಳದ ರೊಟ್ಟಿ, ಅಕ್ಕಿ ಮತ್ತು ಉದ್ದಿನ ಇಡ್ಲಿ ಸಿಗುವ ನಮ್ಮ ಕಡೆ ಚಪಾತಿ, ಪೂರಿ ಬಿಡುವುದು ದೊಡ್ಡ ಮಾತಲ್ಲ. ಉಪ್ಪಿಟ್ಟಿನ ರವೆ, ಗೋಬಿ ಮಂಚೂರಿಯ ಮೈದಾ ಸಹ ಗೋಧಿಯವೇ, ಸೋಯಾ ಸಾಸ್‌ನಲ್ಲೂ ಸಾಮಾನ್ಯವಾಗಿ ಗೋಧಿ ಇರುತ್ತದೆ ಎಂಬುದನ್ನು ಮರೆಯಬೇಡಿ. ನನಗೆ ಹೆಚ್ಚು ಆತಂಕವಿರುವುದು ಸಾಂಬಾರಿನ ಇಂಗಿನ ಬಗ್ಗೆ: ಅಂಗಡಿಯಲ್ಲಿ ಸಿಗುವ ಅನೇಕ ಬಗೆಯ ಇಂಗಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಆದ್ದರಿಂದ ಇಂಗು ಹಾಕುವ ಮುನ್ನವೇ ನಿಮ್ಮ ಪಾಲಿನ ಬೇಳೆಯನ್ನು ತೆಗೆದಿಡುವಂತೆ ಅಡುಗೆಯವರನ್ನು ಕೇಳಿಕೊಳ್ಳಿ.