ಸಂಪಾದಕರ ಉತ್ತರ: ಒಂದೇ ಲಕೋಟೆ, ಎರಡು ಕಾಗದ

ನಮ್ಮ ಜಿಲ್ಲೆಯ ಇಂಡಿ ಊರಿನಿಂದ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: ‘ನನ್ನ ಮಗ ಷಿಕಾಗೋದಲ್ಲಿ ಎಂಜಿನಿಯರ್. ಎಂಟು ವರ್ಷ ದುಡಿದರೂ ಬಡ್ತಿ ಇಲ್ಲ. ಅವನೇ ಕೆಲಸ ಕಲಿಸಿದ ಬಿಳಿ ಹುಡುಗ ಈಗ ಅವನ ಸಾಹೇಬ. ನಮ್ಮಲ್ಲಿ ಜಾತಿ ಇದ್ದೀತು, ಬಣ್ಣದ ಭೇದ ಮಾತ್ರ ಇಲ್ಲ. ಅವರು ನಮ್ಮಿಂದ ಕಲಿಯಬೇಕಲ್ಲವೇ?’

ಮಾಸ್ತರರೇ, ನಿಮ್ಮ ಮಗನ ಸಂಕಟ ಸುಳ್ಳಲ್ಲ. ಅದೇ ಷಿಕಾಗೋದಲ್ಲಿ, ಬಾಸ್ಟನ್ನಿನಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಸುಮಾರು 5,000 ಸುಳ್ಳು ಅರ್ಜಿ ಕಳಿಸಿ ನೋಡಿದ್ದರು. ಓದು, ಅನುಭವ ಸರಿಸಮ, ಹೆಸರು ಮಾತ್ರ ಬೇರೆ. 2004ರಲ್ಲಿ ಅಚ್ಚಾದ ಅವರ ಲೆಕ್ಕ ನೋಡಿ: ಎಮಿಲಿಯಂಥ ಬಿಳಿಯರ ಹೆಸರಿಗೆ ಹತ್ತು ಅರ್ಜಿಗೆ ಒಂದು ಕರೆ, ಲಕೀಶಾಳಂಥ ಕಪ್ಪುಜನರ ಹೆಸರಿಗೆ ಹದಿನೈದಕ್ಕೆ ಒಂದು. ಮುಖ ಕೂಡ ನೋಡಿಲ್ಲ! ಆದರೆ ಅಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆ ಇದೆ. ಅದರಲ್ಲಿ ‘ಬಣ್ಣ’ ಅಂತಲೇ ಬರೆದಿದೆ, ಖಾಸಗಿ ಕಂಪನಿಯನ್ನೂ ಕೋರ್ಟಿಗೆ ಎಳೆಯಬಹುದು. ನಮ್ಮ ಸಂವಿಧಾನದ 16ನೇ ವಿಧಿ ಜಾತಿ, ಧರ್ಮ, ಲಿಂಗ ಎಲ್ಲ ಹೇಳುತ್ತದೆ, ಬಣ್ಣ ಹೇಳುವುದಿಲ್ಲ. ಅದೂ ಸರಕಾರಿ ನೌಕರಿಗಷ್ಟೇ. ಮಗನಿಗೆ ಒಬ್ಬ ವಕೀಲರನ್ನು ಕಾಣಲು ಹೇಳಿ.

‘ನಮ್ಮಲ್ಲಿ ಇಲ್ಲ’ ಅಂದಿರಲ್ಲ, ಅದನ್ನು ಓದುವಾಗ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು. ಪತ್ರಿಕೆಗೆ ಬರುವ ಮುಂಚೆ ನಾನು ಇದೇ ವಿಜಯಪುರದ ಒಂದು ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಅಲ್ಲೊಬ್ಬ ಹುಡುಗಿ ಇದ್ದಳು. ಇಳಕಲ್ ಸೀರೆಯ ಸೆರಗು ಮುಟ್ಟಿದರೆ ಸಾಕು, ಅಸಲಿ ರೇಷ್ಮೆ ಹೌದೋ ಅಲ್ಲವೋ ಹೇಳುತ್ತಿದ್ದಳು. ಹಳ್ಳಿ ಹೆಣ್ಣುಮಕ್ಕಳು ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. ಅಂಗಡಿ ದೊಡ್ಡದಾಯಿತು, ಗಾಜಿನ ಬಾಗಿಲು ಬಂತು, ಅವಳು ಗೋದಾಮಿಗೆ ಹೋದಳು. ಯಾಕೆ ಸಾಹುಕಾರ್ರೇ ಅಂದರೆ, ‘ಎದುರಿಗೆ ಸ್ವಲ್ಪ ಲಕ್ಷಣ ಇರಬೇಕಪ್ಪಾ’ ಅಂದರು. ಲಕ್ಷಣವಂತೆ! ಕಪ್ಪು ಅನ್ನಲೂ ಬಾಯಿ ಬರಲಿಲ್ಲ. ಪಗಾರ ಅಷ್ಟೇ ಇತ್ತು, ಮಾರಾಟದ ಕಮಿಷನ್ ಹೋಯಿತು. ನಾನೂ ಸುಮ್ನೆ ತಲೆ ಬಗ್ಗಿಸಿ ಲೆಕ್ಕ ಬರೆದೆ, ಅದನ್ನೂ ಹೇಳಿಬಿಡುತ್ತೇನೆ.

ಈ ಊರಿನ ಕಥೆ ನೋಡಿ. 1580ರ ದಶಕದಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹ ಇನ್ನೂ ಹುಡುಗ, ರಾಜ್ಯ ನಡೆಸಿದ್ದು ದಿಲಾವರ್ ಖಾನ್ ಎಂಬ ಹಬಶಿ, ಅಂದರೆ ಆಫ್ರಿಕಾ ಮೂಲದ ಕಪ್ಪು ಮನುಷ್ಯ. ಮುಂದೆ ಗೋಳಗುಮ್ಮಟದ ಮಹಮ್ಮದ್ ಆದಿಲ್‌ಶಾಹನ ಮಂತ್ರಿ ಇಖ್ಲಾಸ್ ಖಾನ್, ಅವನೂ ಹಬಶಿ. ಸುಲ್ತಾನನ ಜೊತೆ ಒಂದೇ ಆನೆಯ ಮೇಲೆ ಅವನು ಕೂತ ಚಿತ್ರ ಈಗಲೂ ಇದೆ. ಅದೇ ಮನುಷ್ಯ ಇವತ್ತು ಗಾಂಧಿ ಚೌಕದ ಯಾವುದಾದರೂ ಶೋರೂಮಿಗೆ ಕೆಲಸ ಕೇಳಿಕೊಂಡು ಬಂದರೆ? ಗೋದಾಮೇ. ಎರೆ ಹೊಲ ಕೊಳ್ಳುವಾಗ ಮಾತ್ರ ಮಣ್ಣು ಕಪ್ಪಗಿದ್ದಷ್ಟೂ ಜಾಸ್ತಿ ರೇಟು ಕೊಡುವ ಜನ ನಾವು.

ಹಾಂ, ನಿಮ್ಮ ಲಕೋಟೆಯಲ್ಲಿ ಇನ್ನೊಂದು ಚೀಟಿ ಇತ್ತು, ಮರೆತಿರಾ? ಅದೇ ಮಗನಿಗೆ ವಧು ಬೇಕೆಂಬ ಜಾಹೀರಾತು. ‘ಬೆಳ್ಳಗಿನ, ಓದಿದ, ಒಳ್ಳೆ ಮನೆತನದ ಹುಡುಗಿ.’ ಇಂಥವನ್ನು ಇಷ್ಟು ವರ್ಷ ಕಣ್ಣುಮುಚ್ಚಿ ಅಚ್ಚು ಹಾಕಿದವರು ನಾವೇ, ದುಡ್ಡು ಎಣಿಸಿಕೊಂಡವರೂ ನಾವೇ. ನಿಮ್ಮದು ಮುಂದಿನ ಸಂಚಿಕೆಯಲ್ಲಿ ಬರುತ್ತದೆ, ಮೊದಲನೇ ಪದ ಬಿಟ್ಟು. ಒಂದು ಪದದ ದರ 12 ರೂಪಾಯಿ, ಅದನ್ನು ಈ ಸಂಚಿಕೆಯ ಜೊತೆಗೇ ಅಂಚೆಯಲ್ಲಿ ವಾಪಸ್ ಕಳಿಸಿದ್ದೇನೆ.