ಚಂಡೆಗೆ ತಡ, ಶ್ರುತಿಗೆ ಸರಿ

ಪ್ರಶ್ನೆ: ಮಗ ಯಕ್ಷಗಾನದ ಚಂಡೆ ಕಲಿಯುತ್ತಿದ್ದಾನೆ. ನಮ್ಮದು ಬಾಡಿಗೆ ಮನೆ, ಗೋಡೆಯಾಚೆ ಇನ್ನೊಂದು ಸಂಸಾರ. ರಬ್ಬರ್ ಹಲಗೆಯ ಮೇಲೆ ಕೋಲಿನಿಂದ ಬಡಿದರೆ ಹೆಡ್‌ಫೋನಿನಲ್ಲಿ ಚಂಡೆ ಕೇಳುವಂಥ ಪೆಟ್ಟಿಗೆ ಮಾಡಲು ಮೆಮೊರಿ ಕಾರ್ಡಿನ ಹಾಡು ನುಡಿಸುವ ಡಿಎಫ್‌ಪ್ಲೇಯರ್ ಮಿನಿ ಮತ್ತು ಅದಕ್ಕೆ ಅಪ್ಪಣೆ ಕೊಡುವ ಪುಟ್ಟ ಬೋರ್ಡು ಆರ್ಡುಯಿನೊ ನ್ಯಾನೊ ತಂದೆ. ಸದ್ದು ಬರುತ್ತದೆ, ಆದರೆ ತಡವಾಗಿ. ಬೇಗ ಬೇಗ ನುಡಿಸಿದರೆ ಅರ್ಧ ಪೆಟ್ಟು ಕೇಳುವುದೇ ಇಲ್ಲ. ನನ್ನ ಪ್ರೋಗ್ರಾಂ ತಪ್ಪೇ?
– ಓದುಗರು, ಶಿರಸಿ

ಉತ್ತರ: ನಿಮ್ಮ ಪ್ರೋಗ್ರಾಂ ಸರಿ ಇದೆ. ಆ ಡಿಎಫ್‌ಪ್ಲೇಯರ್ ಮಾಡ್ಯೂಲ್ ಹಾಡು ಹಾಡಿಸಲು ಹುಟ್ಟಿದ್ದು, ತಾಳ ಹಾಕಲು ಅಲ್ಲ.

ಒಂದು ಪೆಟ್ಟು ಬಿದ್ದಾಗ ಏನಾಗುತ್ತದೆ ನೋಡಿ. ನ್ಯಾನೊದಿಂದ ಮಾಡ್ಯೂಲಿಗೆ 10 ಬೈಟ್‌ಗಳ ಅಪ್ಪಣೆ ಹೋಗಬೇಕು. ಸೆಕೆಂಡಿಗೆ 9600 ಬಿಟ್ ವೇಗದ ಸೀರಿಯಲ್ ತಂತಿಯಲ್ಲಿ ಅದಕ್ಕೇ ಸುಮಾರು 10 ಮಿಲಿಸೆಕೆಂಡ್ ಬೇಕು. ಆಮೇಲೆ ಮಾಡ್ಯೂಲಿನ ಚಿಪ್ ಮೆಮೊರಿ ಕಾರ್ಡಿನಲ್ಲಿ ಫೈಲ್ ಹುಡುಕಬೇಕು, ತೆರೆಯಬೇಕು, ಎಂಪಿ3 ಬಿಚ್ಚಬೇಕು. ಎಂಪಿ3 ಮಾಡುವಾಗ ಫೈಲಿನ ತಲೆಯಲ್ಲೇ ಸುಮಾರು 25 ಮಿಲಿಸೆಕೆಂಡಿನಷ್ಟು ಖಾಲಿ ಜಾಗ ಸೇರಿಕೊಳ್ಳುತ್ತದೆ. ವೇವ್ ಫೈಲ್ ಹಾಕಿದರೆ ಅದೊಂದು ತಪ್ಪುತ್ತದೆ, ಉಳಿದದ್ದು ತಪ್ಪುವುದಿಲ್ಲ. ಎಲ್ಲ ಸೇರಿ ಸೆಕೆಂಡಿನ ಹತ್ತನೇ ಒಂದು ಭಾಗ ದಾಟುವುದು ಸಾಮಾನ್ಯ.

ಇದು ಚಿಕ್ಕ ತಡ ಅನ್ನಿಸಬಹುದು. ನಿಮಿಷಕ್ಕೆ 120ರ ಲಯದಲ್ಲಿ ಒಂದು ಎಣಿಕೆಗೆ ನಾಲ್ಕು ಪೆಟ್ಟು ಹಾಕಿ. ಎರಡು ಪೆಟ್ಟಿನ ನಡುವೆ ಇರುವುದು 125 ಮಿಲಿಸೆಕೆಂಡ್ ಮಾತ್ರ. ಅಂದರೆ ಮೊದಲನೇ ಪೆಟ್ಟಿನ ಸದ್ದು ಹೊರಡುವ ಹೊತ್ತಿಗೆ ಕೋಲು ಎರಡನೆಯದಕ್ಕೆ ಬಿದ್ದಿರುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಈ ಮಾಡ್ಯೂಲ್ ಒಂದು ಸಲಕ್ಕೆ ಒಂದೇ ಸದ್ದು ನುಡಿಸುತ್ತದೆ. ಹೊಸ ಪೆಟ್ಟು ಬಂದರೆ ಹಳೆಯದರ ಕತ್ತು ಹಿಸುಕಿದ ಹಾಗೆ. ಒಂದು ಪೆಟ್ಟಿನ ಗುಂಯ್ ಆರುವ ಮೊದಲೇ ಅದರ ಮೇಲೆ ಇನ್ನೊಂದು ಬೀಳುವುದೇ ಚಂಡೆಯ ಸೊಗಸು ಅಲ್ವಾ? ದಯವಿಟ್ಟು ಹುಡುಗನಿಗೆ ಈ ಪೆಟ್ಟಿಗೆಯಲ್ಲಿ ಅಭ್ಯಾಸ ಮಾಡಿಸಬೇಡಿ. ತಡವಾಗಿ ಕೇಳುವ ಸದ್ದಿಗೆ ಕೈ ಹೊಂದಿಕೊಂಡರೆ, ನಿಜವಾದ ಚಂಡೆಯ ಮುಂದೆ ನಿಂತಾಗ ಕೈ ಮುಂದೆ ಓಡುತ್ತದೆ.

ಚಂಡೆಗೆ ರಾಸ್ಪ್‌ಬೆರಿ ಪೈ ಪಿಕೊ ಎಂಬ ಪುಟ್ಟ ಬೋರ್ಡು ತನ್ನಿ. ಜೊತೆಗೆ ಅಂಕಿಗಳನ್ನು ಸದ್ದಾಗಿಸುವ ಐ2ಎಸ್ ಡ್ಯಾಕ್ ಬೋರ್ಡು ಒಂದು. ಪಿಸಿಎಂ5102 ಆಗುತ್ತದೆ, ಆದರೆ ಅದು ಆಂಪ್ಲಿಫೈಯರಿಗೆ ಕೊಡುವ ಲೈನ್ ಔಟ್ ಚಿಪ್, ಹೆಡ್‌ಫೋನಿನಲ್ಲಿ ಸದ್ದು ಸಣ್ಣಗಿದ್ದರೆ ನಡುವೆ ಹೆಡ್‌ಫೋನ್ ಆಂಪ್ಲಿಫೈಯರ್ ಹಾಕಿ. ಇಲ್ಲಿ ಕಾರ್ಡಿಲ್ಲ, ಫೈಲ್ ಹುಡುಕಾಟವಿಲ್ಲ. ಸದ್ದನ್ನು ಅಂಕಿಗಳಾಗಿ ಪಿಕೊದ 2 ಎಂಬಿ ಫ್ಲಾಶಿನಲ್ಲೇ ಇಡುತ್ತೀರಿ. ಸೆಕೆಂಡಿಗೆ 22,050 ಮಾದರಿ, 16 ಬಿಟ್, ಮೋನೊ. ಹಾಗೆ ಇಟ್ಟರೆ ಅರ್ಧ ಸೆಕೆಂಡಿನ ಒಂದು ಪೆಟ್ಟಿಗೆ 22 ಕೆಬಿ ಬೇಕು. ಮೆಲ್ಲಗಿನ ಪೆಟ್ಟು, ಜೋರಿನ ಪೆಟ್ಟು, ಅಂಚಿನ ಪೆಟ್ಟು ಎಂದು 20 ಬಗೆ ಇಟ್ಟರೂ ಅರ್ಧ ಎಂಬಿ ಆಗುವುದಿಲ್ಲ. ಎರಡು ಸದ್ದು ಒಟ್ಟಿಗೆ ಬೇಕೆಂದರೆ ಅವುಗಳ ಅಂಕಿಗಳನ್ನು ಕೂಡಿಸಿದರಾಯಿತು, ಅಷ್ಟೇ. ಕೂಡಿಸುವ ಮೊದಲು ಎರಡನ್ನೂ ಅರ್ಧಕ್ಕೆ ಇಳಿಸಿ, ಇಲ್ಲದಿದ್ದರೆ ಸದ್ದು ಒಡೆಯುತ್ತದೆ. ಹಲಗೆಯ ಅಡಿಗೆ, ಪೆಟ್ಟು ಬಿದ್ದರೆ ವಿದ್ಯುತ್ ಹುಟ್ಟಿಸುವ ಪಿಯೆಜೊ ಬಿಲ್ಲೆ ಅಂಟಿಸಿ. ಅದರ ಎರಡು ತಂತಿಗೆ ಅಡ್ಡಲಾಗಿ 1 ಮೆಗಾ ಓಮ್ ರೆಸಿಸ್ಟರ್ ಮತ್ತು ವೋಲ್ಟ್ ಮಿತಿ ಮೀರದಂತೆ ತಡೆಯುವ 3.3 ವೋಲ್ಟ್ ಜೀನರ್ ಡಯೋಡ್ ಹಾಕಿ. ಜೀನರ್ ಬಿಡಬೇಡಿ. ಜೋರಾಗಿ ಬಡಿದರೆ ಪಿಯೆಜೊದಿಂದ ಹತ್ತಾರು ವೋಲ್ಟ್ ಬರುತ್ತದೆ, ಪಿಕೊ ತಡೆಯುವುದಿಲ್ಲ.

ತಂದಿಟ್ಟ ಡಿಎಫ್‌ಪ್ಲೇಯರನ್ನು ಮೂಲೆಗೆ ಎಸೆಯಬೇಡಿ, ಅದರಲ್ಲಿ ಶ್ರುತಿ ಪೆಟ್ಟಿಗೆ ಮಾಡಿ. ನಮ್ಮ ಅತ್ತಿಗೆಗೆ ನಾನು ಮಾಡಿಕೊಟ್ಟದ್ದು ದಿನಾ ಬೆಳಿಗ್ಗೆ ನುಡಿಯುತ್ತಿದೆ. ಶ್ರುತಿ ಶುರುವಾಗುವುದು ಅರ್ಧ ಸೆಕೆಂಡ್ ತಡವಾದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದೇ ಎಚ್ಚರ: ಚಿಕ್ಕ ಫೈಲನ್ನು ಮತ್ತೆ ಮತ್ತೆ ನುಡಿಸಲು ಹೇಳಿದರೆ ಪ್ರತಿ ಸುತ್ತಿಗೂ ನಡುವೆ ಒಂದು ಕ್ಷಣ ಮೌನ ಬೀಳುತ್ತದೆ. ಆಲಾಪದ ನಡುವೆ ಕಾಲ ಕೆಳಗಿನ ನೆಲ ಸರಿದ ಹಾಗಾಗುತ್ತದೆ. ಅದಕ್ಕೇ ನಾನು ತಂಬೂರಿಯ ಸದ್ದನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಒಂದೊಂದು ಶ್ರುತಿಗೂ ಒಂದು ಗಂಟೆಯ ಫೈಲ್ ಮಾಡಿದೆ. 128 ಕೆಬಿಪಿಎಸ್‌ನಲ್ಲಿ ಒಂದು ಗಂಟೆಗೆ ಸುಮಾರು 58 ಎಂಬಿ. ಹಾರ್ಮೋನಿಯಂನ ಕಪ್ಪು, ಬಿಳಿ ಎಲ್ಲ ಸೇರಿ 12 ಮನೆಗೂ 700 ಎಂಬಿ ಸಾಕು. ಹಳೇ 2 ಜಿಬಿ ಕಾರ್ಡಿನಲ್ಲೇ ಹಿಡಿಸಿತು.

ತಂತಿ ಜೋಡಿಸುವಾಗ ಎರಡು ಮಾತು ನೆನಪಿಡಿ. ನ್ಯಾನೊದ ಟಿಎಕ್ಸ್‌ನಿಂದ (ಕಳಿಸುವ ಕಾಲು) ಮಾಡ್ಯೂಲಿನ ಆರ್‌ಎಕ್ಸ್‌ಗೆ (ಪಡೆಯುವ ಕಾಲು) ಹೋಗುವ ತಂತಿಯಲ್ಲಿ 1 ಕಿಲೋ ಓಮ್ ರೆಸಿಸ್ಟರ್ ಇರಲಿ. ಮಾಡ್ಯೂಲಿನ ಕಾಲು 3.3 ವೋಲ್ಟಿನದು, ನ್ಯಾನೊ 5 ವೋಲ್ಟ್ ಕೊಡುತ್ತದೆ. ರೆಸಿಸ್ಟರ್ ಹಾಕಿದರೆ ಸ್ಪೀಕರಿನ ಕಿರಿಕಿರಿಯೂ ಎಷ್ಟೋ ಇಳಿಯುತ್ತದೆ. ಇನ್ನೊಂದು, ಸ್ಪೀಕರಿನ ಎರಡು ಕಾಲುಗಳಲ್ಲಿ ಯಾವುದನ್ನೂ ಗ್ರೌಂಡಿಗೆ ಸೇರಿಸಬೇಡಿ. ಅಲ್ಲಿ ಎರಡೂ ಕಡೆ ಆಂಪ್ಲಿಫೈಯರ್ ದೂಡುತ್ತಿರುತ್ತದೆ. ಹಳೇ ರೇಡಿಯೊ ರಿಪೇರಿಯ ಅಭ್ಯಾಸದಲ್ಲಿ ನಾನು ಒಂದು ತಂತಿಯನ್ನು ಡಬ್ಬಿಯ ತಗಡಿಗೆ ಬೆಸೆದುಬಿಟ್ಟಿದ್ದೆ. ಮಾಡ್ಯೂಲ್ ಬೆರಳು ಇಡಲಾಗದಷ್ಟು ಬಿಸಿಯಾಗಿ ಸುಮ್ಮನಾಯಿತು. ಮರುದಿನ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಎರಡು ತಂದೆ, ಒಂದು ಕೈಯಲ್ಲಿರಲಿ ಅಂತ. ಬೇರೆ ಆಂಪ್ಲಿಫೈಯರ್ ಅಥವಾ ಹೆಡ್‌ಫೋನ್ ಬೇಕಾದರೆ ಡ್ಯಾಕ್ ಎಂದು ಬರೆದ ಎರಡು ಕಾಲುಗಳಿಂದಲೇ ತೆಗೆದುಕೊಳ್ಳಿ.

ಪ್ರಶ್ನೆ: ಅದೇ ಮಾಡ್ಯೂಲ್. ಮೂರನೇ ಹಾಡು ಕೇಳಿದರೆ ಏಳನೆಯದು ಬರುತ್ತದೆ. ಹೆಸರೆಲ್ಲ ಸರಿಯಾಗೇ ಇಟ್ಟಿದ್ದೇನೆ.
– ಓದುಗರು, ಹುಬ್ಬಳ್ಳಿ

ಉತ್ತರ: ಅದು ಹೆಸರು ನೋಡುತ್ತಿಲ್ಲ, ನೀವು ಕಾಪಿ ಮಾಡಿದ ಕ್ರಮ ನೋಡುತ್ತಿದೆ. ಕಾರ್ಡನ್ನು ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿ, ಎಂಪಿ3 ಎಂಬ ಹೆಸರಿನ ಫೋಲ್ಡರ್ ಇಂಗ್ಲಿಷಿನಲ್ಲಿ ತೆರೆಯಿರಿ. ಫೈಲುಗಳಿಗೆ 0001, 0002 ಎಂದು ನಾಲ್ಕಂಕಿಯ ಹೆಸರಿಡಿ. ಪ್ರೋಗ್ರಾಮಿನಲ್ಲಿ ಆ ಫೋಲ್ಡರಿನಿಂದ ನುಡಿಸುವ ಅಪ್ಪಣೆಯನ್ನೇ ಬಳಸಿ. ಮ್ಯಾಕ್‌ನಿಂದ ಕಾಪಿ ಮಾಡಿದ್ದರೆ ಕಣ್ಣಿಗೆ ಕಾಣದ ಫೈಲುಗಳೂ ಕಾರ್ಡಿಗೆ ಬಂದಿರುತ್ತವೆ, ಅವನ್ನೂ ಅಳಿಸಿ.

ಪ್ರಶ್ನೆ: ಆರನೇ ತರಗತಿಯ ಮಗಳ ಜೊತೆ ಒಂದು ವಿಚಿತ್ರ ವಾದ್ಯ ಮಾಡುವ ಆಸೆ. ಪ್ರೋಗ್ರಾಂ ಗೊತ್ತಿಲ್ಲ. ಕಡಿಮೆ ಖರ್ಚಿನಲ್ಲಿ ಏನಾದರೂ ಇದೆಯೇ?
– ಓದುಗರು, ಮೈಸೂರು

ಉತ್ತರ: ಐಎಸ್‌ಡಿ1820 ಎಂಬ ಬೋರ್ಡು ತನ್ನಿ. ಮಾತಾಡುವ ಆಟಿಕೆ ಮಾಡಲು ಬಳಸುವಂಥದ್ದು, ನನಗೆ ಬಹಳ ಇಷ್ಟ. ಮೈಕ್ ಅದರ ಮೇಲೇ ಇರುತ್ತದೆ. ಎರಡು ಪೆನ್ಸಿಲ್ ಸೆಲ್ಲಿನ 3 ವೋಲ್ಟ್ ಸಾಕು. ಒಂದು ಗುಂಡಿ ಒತ್ತಿಹಿಡಿದರೆ ಸುಮಾರು 10 ಸೆಕೆಂಡ್ ರೆಕಾರ್ಡ್ ಆಗುತ್ತದೆ, ಇನ್ನೊಂದು ಒತ್ತಿದರೆ ನುಡಿಯುತ್ತದೆ. ಸೆಲ್ ತೆಗೆದರೂ ಸದ್ದು ಅಳಿಯುವುದಿಲ್ಲ.

ಸ್ವಾರಸ್ಯ ಇರುವುದು ಒಂದು ರೆಸಿಸ್ಟರಿನಲ್ಲಿ. ಚಿಪ್ಪಿನ ಓಟದ ವೇಗ ಗೊತ್ತುಮಾಡುವುದು ಅದೇ. 80 ಕಿಲೋ ಓಮ್ ಇದ್ದರೆ ಸೆಕೆಂಡಿಗೆ 8,000 ಮಾದರಿ, 160 ಇದ್ದರೆ 4,000. ಆ ರೆಸಿಸ್ಟರ್ ತೆಗೆದು, ಅಲ್ಲಿ 82 ಕಿಲೋ ಓಮ್ ಮತ್ತು 100 ಕಿಲೋ ಓಮಿನ ತಿರುಗುವ ಪಾಟ್ (ತಿರುಗಿಸಿ ಓಮ್ ಬದಲಿಸುವ ರೆಸಿಸ್ಟರ್) ಒಂದರ ಹಿಂದೆ ಒಂದು ಜೋಡಿಸಿ. ಪಾಟನ್ನು ಸೊನ್ನೆಗೆ ತಿರುಗಿಸಿ ರೆಕಾರ್ಡ್ ಮಾಡಿ. ನುಡಿಸುವಾಗ ಮೆಲ್ಲಗೆ ಎದುರು ಕೊನೆಗೆ ತಿರುಗಿಸುತ್ತ ಹೋಗಿ. ಸ್ವರ ಜಾರುತ್ತ ಜಾರುತ್ತ ಒಂದು ಸ್ಥಾಯಿಗೂ ಸ್ವಲ್ಪ ಜಾಸ್ತಿ ಕೆಳಗೆ ಇಳಿಯುತ್ತದೆ.

ನಾನು ಮೊದಲು ರೆಕಾರ್ಡ್ ಮಾಡಿದ್ದು ದೇವರ ಮನೆಯ ಕೈಗಂಟೆಯನ್ನು. ತೀರಾ ಮೇಲಿನ ಕಿಣಿಕಿಣಿಯನ್ನು ಇದು ಹಿಡಿಯುವುದಿಲ್ಲ. ಆದರೆ ಪಾಟ್ ತಿರುಗಿಸಿದಾಗ ಅಂಗೈಯಷ್ಟು ಗಂಟೆ ನೋಡನೋಡುತ್ತ ದೇವಸ್ಥಾನದ ದೊಡ್ಡ ಗಂಟೆಯಾಯಿತು. ಮಗಳ ಕೈಗೆ ಸ್ಟೀಲ್ ಲೋಟ, ಚಮಚ, ನೀರು ತುಂಬಿದ ಚೊಂಬು ಕೊಡಿ. ಮೈಕಿನಿಂದ ಒಂದು ಗೇಣು ದೂರ ಇಟ್ಟು ಬಡಿಯಲಿ. ಹತ್ತಿರ ಹಿಡಿದರೆ ಸದ್ದು ಒಡೆಯುತ್ತದೆ.