ಎಮ್ಮೆಯೂ ಅಂಬಾ, ಕುರಿಯೂ ಅಂಬಾ!

ಪ್ರಶ್ನೆ: ಮೊಮ್ಮಗನಿಗೆ ಒಂದೂವರೆ ವರ್ಷ. ಹಸು ತೋರಿಸಿ ‘ಅಂಬಾ’ ಅಂತ ಹೇಳಿಕೊಟ್ಟೆ. ಈಗ ಎಮ್ಮೆ, ಕುರಿ, ಪಕ್ಕದ ಮನೆಯ ನಾಯಿ ಎಲ್ಲವೂ ಅಂಬಾ! ಮಗಳು ಚಿತ್ರದ ಕಾರ್ಡು ತಂದು ದಿನಾ ಕೂರಿಸಿಕೊಂಡು ತಿದ್ದುತ್ತಾಳೆ. ‘ನೀನೇ ಹಾಳು ಮಾಡಿದ್ದು’ ಅಂತ ನನಗೂ ಬೈಗುಳ. ಹಸು ಅಂದರೆ ಯಾವುದು, ಯಾವುದಲ್ಲ ಅಂತ ಮಗುವಿಗೆ ತಿಳಿಯುವುದಾದರೂ ಹೇಗೆ?
– ಒಬ್ಬ ಅಜ್ಜಿ, ತಿಪಟೂರು

ಉತ್ತರ: ಆ ಬೈಗುಳವನ್ನು ಮಗಳಿಗೇ ವಾಪಸ್ ಕೊಡಿ ಅಮ್ಮ. ಮೇಜಿಗೂ ನಾಲ್ಕು ಕಾಲಿದೆ. ಅದನ್ನು ಅಂಬಾ ಅಂದನೇ? ನೀವು ಬರೆದಿಲ್ಲ, ಅಂದಿರಲಾರ. ಜೀವವಿರುವ, ತಾನಾಗಿ ಓಡಾಡುವ ನಾಲ್ಕು ಕಾಲಿನವುಗಳನ್ನಷ್ಟೇ ಆರಿಸಿ ಗುಂಪು ಮಾಡಿದ್ದಾನೆ. ಅದನ್ನು ಯಾರೂ ಹೇಳಿಕೊಟ್ಟಿಲ್ಲ.

ಒಂದು ಪರೀಕ್ಷೆ ಮಾಡಿ. ಹಸು, ನಾಯಿ ಎರಡರ ಚಿತ್ರವನ್ನೂ ಮುಂದಿಟ್ಟು ‘ಅಂಬಾ ಎಲ್ಲಿ?’ ಎಂದು ಕೇಳಿ. ಹಸುವನ್ನೇ ತೋರಿಸಿದರೆ ವ್ಯತ್ಯಾಸ ಅವನಿಗೆ ಗೊತ್ತಿದೆ, ನಾಯಿಗೆ ಹೇಳಲು ಪದವಿಲ್ಲ ಅಷ್ಟೆ. ಎಲ್ಲಕ್ಕೂ ಒಂದೇ ಹೆಸರು ಹೇಳುವ ಎಷ್ಟೋ ಮಕ್ಕಳು ಕೇಳಿದಾಗ ಸರಿಯಾದುದನ್ನೇ ತೋರಿಸುವುದನ್ನು 1970ರ ದಶಕದಲ್ಲೇ ಸಂಶೋಧಕರು ಗಮನಿಸಿದ್ದರು.

ಮಾತು ಬರುವುದಕ್ಕೂ ಬಹಳ ಮುಂಚೆ ಈ ವಿಂಗಡಣೆ ಶುರುವಾಗಿರುತ್ತದೆ. ಮನೋವಿಜ್ಞಾನಿಗಳಾದ ಪಾಲ್ ಕ್ವಿನ್, ಪೀಟರ್ ಐಮಾಸ್ ಮತ್ತು ಸಂಗಡಿಗರು 1993ರಲ್ಲಿ ಮೂರು ನಾಲ್ಕು ತಿಂಗಳ ಕೂಸುಗಳಿಗೆ ಸಾಲಾಗಿ ಬೆಕ್ಕುಗಳ ಚಿತ್ರ ತೋರಿಸಿದರು. ಆಮೇಲೆ ಹೊಸದೊಂದು ಬೆಕ್ಕು, ಪಕ್ಕದಲ್ಲಿ ನಾಯಿ. ಕೂಸುಗಳು ನಾಯಿಯನ್ನೇ ಹೆಚ್ಚು ಹೊತ್ತು ನೋಡಿದವು. ಹೊಸದೆನಿಸಿದ್ದನ್ನೇ ಕೂಸುಗಳು ಹೆಚ್ಚು ಹೊತ್ತು ನೋಡುವುದು. ಬೆಕ್ಕಿನ ಗುಂಪಿಗೆ ಅದು ಸೇರದು ಎಂಬುದು ಅವಕ್ಕೆ ತಿಳಿದಿತ್ತು. ತಮಾಷೆ ಮುಂದಿದೆ. ಮೊದಲು ನಾಯಿಗಳನ್ನೇ ತೋರಿಸಿದಾಗ ಬೆಕ್ಕು ಬೇರೆ ಅನ್ನಿಸಲೇ ಇಲ್ಲ! ನಾಯಿಗಳಲ್ಲಿ ಗಿಡ್ಡ, ಉದ್ದ, ಜೋಲುಕಿವಿ, ನೆಟ್ಟಕಿವಿ ಏನೆಲ್ಲ ಇವೆ; ಅಷ್ಟು ಅಗಲವಾದ ಗುಂಪಿನಲ್ಲಿ ಬೆಕ್ಕಿಗೂ ಜಾಗ ಸಿಕ್ಕಿಬಿಟ್ಟಿತು. ನೋಡಿದ್ದು ಎಷ್ಟು ವೈವಿಧ್ಯವೋ ಗುಂಪೂ ಅಷ್ಟು ಅಗಲ.

ಅದಕ್ಕೇ ನನಗೆ ಆ ಕಾರ್ಡುಗಳ ಮೇಲೆ ಅಷ್ಟು ನಂಬಿಕೆಯಿಲ್ಲ. ಹಸುವಿಗೊಂದು ಕಾರ್ಡು, ಅದರಲ್ಲೂ ಕಪ್ಪು ಬಿಳಿ ಮಚ್ಚೆಯ ಪರದೇಶಿ ಹಸು! ಕೊಟ್ಟಿಗೆಗೆ ಕರೆದುಕೊಂಡು ಹೋಗಿ. ಅಮೃತಮಹಲ್, ಹಳ್ಳಿಕಾರ್, ಸೀಮೆಹಸು, ಕರು ಎಲ್ಲ ನೋಡಲಿ. ‘ಅಲ್ಲ, ತಪ್ಪು’ ಅನ್ನುವ ಬದಲು ‘ಇದು ಎಮ್ಮೆ, ನೋಡು ಕೊಂಬು ಹೇಗೆ ಬಾಗಿದೆ’ ಅನ್ನಿ.

ಹೆಸರು ಸಿಕ್ಕಿದ ಮೇಲೆ ಇನ್ನೊಂದು ದಾರಿ ತೆರೆಯುತ್ತದೆ. ಸೂಸನ್ ಗೆಲ್ಮನ್, ಎಲೆನ್ ಮಾರ್ಕ್‌ಮನ್ ಎಂಬ ಮನೋವಿಜ್ಞಾನಿಗಳು 1986ರಲ್ಲಿ ನಾಲ್ಕು ವರ್ಷದ ಮಕ್ಕಳಿಗೆ ಹೇಳಿದರು: ಈ ಮೀನು ನೀರೊಳಗೇ ಉಸಿರಾಡುತ್ತದೆ, ಈ ಡಾಲ್ಫಿನ್ ಮೇಲೆ ಬಂದು ಉಸಿರಾಡುತ್ತದೆ. ಆಮೇಲೆ ಡಾಲ್ಫಿನ್‌ನಂತೆಯೇ ಕಾಣುವ ಶಾರ್ಕನ್ನು ‘ಮೀನು’ ಎಂದು ಪರಿಚಯಿಸಿ, ಇದು ಹೇಗೆ ಉಸಿರಾಡುತ್ತದೆ ಎಂದು ಕೇಳಿದರು. ಹೆಚ್ಚಿನ ಮಕ್ಕಳು ಕಣ್ಣಿಗೆ ಕಂಡದ್ದನ್ನು ಬಿಟ್ಟು ಹೆಸರಿನ ಹಿಂದೆ ಹೋದರು: ನೀರೊಳಗೇ.

ಅಂಬಾದ ಚಿಂತೆ ಬಿಡಿ. ಎರಡು ವರ್ಷ ತುಂಬಿದ ಮೇಲೂ ‘ಅಂಬಾ ಬಂತು’ ಎಂಬಂತೆ ಎರಡು ಪದ ಕೂಡಿಸದಿದ್ದರೆ, ಅಥವಾ ಈಗಲೇ ಆಗಲಿ ಕರೆದರೆ ತಿರುಗದಿದ್ದರೆ ಮಾತ್ರ ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇಂಥದ್ದಕ್ಕೆ.